ಹಿತ್ತಲಿನ ತರಕಾರಿ ಹೆಚ್ಚಾದಾಗ: ಫ್ರೀಜರ್‌ನಲ್ಲಿ ಇಡುವುದೋ, ಒಣಗಿಸಿ ಇಡುವುದೋ?

ಪ್ರಶ್ನೆ — ಹಿತ್ತಲತೋಟ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹೊರವಲಯದಲ್ಲಿರುವ ನಮ್ಮ ಮನೆಯ ಹಿಂದೆ ಸುಮಾರು ಎರಡು ಗುಂಟೆ ಜಾಗವಿದೆ. ಅದರಲ್ಲಿ ಟೊಮೆಟೊ, ಬೆಂಡೆ, ಬದನೆ, ಜವಳಿಕಾಯಿ, ಬೀನ್ಸ್, ಮೆಂತ್ಯ, ಪಾಲಕ್, ಹಸಿಮೆಣಸಿನಕಾಯಿಗಳನ್ನು ಬೆಳೆಯುತ್ತೇವೆ. ಬೇಲಿಯ ಮೇಲೆ ಅವರೆ ಹಬ್ಬಿದೆ, ಮೂಲೆಯಲ್ಲಿ ನುಗ್ಗೆಯ ಮರಗಳಿವೆ. ಮನೆಯಲ್ಲಿ ಇರುವವರು ಐದು ಜನ. ಎಲ್ಲವೂ ಒಮ್ಮೆಗೇ ಕಾಯಿ ಬಿಡಲು ಆರಂಭಿಸಿದರೆ ತಿಂದು ಮುಗಿಸುವುದು ಆಗುವುದಿಲ್ಲ. ಮಾರುಕಟ್ಟೆಯಲ್ಲಿ ಟೊಮೆಟೊ ಅಗ್ಗವಾದ ವಾರದಲ್ಲೇ ನಮ್ಮ ಗಿಡಗಳೂ ತುಂಬಿ ನಿಂತಿರುತ್ತವೆಯಾದ್ದರಿಂದ ಸುಮ್ಮನೆ ಕೊಟ್ಟರೂ ಬೇಕೆನ್ನುವವರು ಸಿಗುವುದಿಲ್ಲ. ಮುಂದೆ ಬೆಲೆ ಏರಿದಾಗ ಅದೇ ಟೊಮೆಟೊವನ್ನು ನಾವು ಸಂತೆಯಲ್ಲಿ ಕೊಂಡು ತರುತ್ತೇವೆ.

ಈ ವರ್ಷ ಹೆಚ್ಚುವರಿ ತರಕಾರಿಯನ್ನು ಕೆಡದಂತೆ ಇಟ್ಟುಕೊಳ್ಳುವ ವ್ಯವಸ್ಥೆ ಮಾಡಬೇಕೆಂದಿದ್ದೇವೆ, ಆದರೆ ಮನೆಯಲ್ಲಿ ಒಮ್ಮತವಿಲ್ಲ. ಮಗನಿಗೆ ಸಣ್ಣದೊಂದು ಡೀಪ್ ಫ್ರೀಜರ್ ಬೇಕು. ಸೊಸೆ ವಿದ್ಯುತ್ತಿನ ಡಿಹೈಡ್ರೇಟರ್ ಸಾಕೆನ್ನುತ್ತಾಳೆ. ಪ್ರತಿ ಬೇಸಿಗೆಯಲ್ಲಿ ಬಾಳಕ, ಸಂಡಿಗೆ ಹಾಕುವ ನಮ್ಮ ಅತ್ತೆಯವರು ಮಾತ್ರ ಮಾಳಿಗೆಯ ಮೇಲೆ ಇಷ್ಟು ಬಿಸಿಲು ಬೀಳುತ್ತಿರುವಾಗ ಯಂತ್ರಕ್ಕೆ ದುಡ್ಡು ಸುರಿಯುವುದೇಕೆಂದು ಕೇಳುತ್ತಾರೆ.

ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಯಾವ ತರಕಾರಿಯನ್ನು ಫ್ರೀಜರ್‌ನಲ್ಲಿ ಇಡಬಹುದು, ಯಾವುದನ್ನು ಒಣಗಿಸುವುದು ಮೇಲು? ಫ್ರೀಜರ್‌ಗೆ ಇಡುವ ಮೊದಲು ಕುದಿನೀರಿನಲ್ಲಿ ಅದ್ದಿ ತೆಗೆಯಲೇಬೇಕೆಂದು ಕೆಲವರು ಹೇಳುತ್ತಾರೆ, ಹಾಗೆಯೇ ಇಟ್ಟರೂ ಆಗುತ್ತದೆಂದು ಇನ್ನು ಕೆಲವರು ಹೇಳುತ್ತಾರೆ. ಇದರಲ್ಲಿ ಯಾವುದು ಸರಿ? ಮನೆಯ ಸಾಮಾನ್ಯ ಫ್ರಿಜ್‌ನ ಮೇಲಿನ ಖಾನೆಯಲ್ಲಿ ತರಕಾರಿ ಎಷ್ಟು ಕಾಲ ಚೆನ್ನಾಗಿರುತ್ತದೆ? ಬರೀ ಬಿಸಿಲಿನಲ್ಲಿ ಒಣಗಿಸಿದ್ದನ್ನು ಮಳೆಗಾಲ ಕಳೆಯುವವರೆಗೆ ನಂಬಬಹುದೇ?


ಉತ್ತರ — ಕೋಟೆ ಬೀದಿ, ಚಿತ್ರದುರ್ಗ

ನಮಸ್ಕಾರ. ಫ್ರೀಜರ್ ಕುರಿತು ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಒಣಗಿಸುವುದರ ಬಗ್ಗೆ ಇಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ.

ಮೊದಲು ಕುದಿನೀರಿನ ವಿಷಯ. ಗಿಡದಿಂದ ಕಿತ್ತ ಮೇಲೂ ತರಕಾರಿಯೊಳಗಿನ ಕಿಣ್ವಗಳು ತಮ್ಮ ಕೆಲಸ ನಡೆಸುತ್ತಲೇ ಇರುತ್ತವೆ. ಮೈನಸ್ 18 ಡಿಗ್ರಿಯ ಚಳಿಯಲ್ಲಿ ಅವುಗಳ ವೇಗ ತಗ್ಗುತ್ತದೆಯೇ ಹೊರತು ಕೆಲಸ ಪೂರ್ತಿಯಾಗಿ ನಿಲ್ಲುವುದಿಲ್ಲ. ಹಸಿಯಾಗಿಯೇ ಇಟ್ಟ ಬೀನ್ಸ್ ಕೆಲವು ವಾರಗಳಲ್ಲಿ ಬಣ್ಣಗೆಟ್ಟು, ಒಣಹುಲ್ಲಿನ ವಾಸನೆ ಬಂದು, ನಾರು ನಾರಾಗುವುದಕ್ಕೆ ಕಾರಣ ಇದೇ. ಕುದಿನೀರಿನ ಶಾಖ ಈ ಕಿಣ್ವಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಮೇಲಿನ ಮಣ್ಣನ್ನೂ ಸೂಕ್ಷ್ಮಜೀವಿಗಳಲ್ಲಿ ಬಹುಪಾಲನ್ನೂ ತೆಗೆಯುತ್ತದೆ. ಆದರೆ ಅದ್ದುವ ಸಮಯ ಕಡಿಮೆಯಾಗಬಾರದು, ಏಕೆಂದರೆ ಅರೆಬರೆ ಶಾಖ ತಗುಲಿದ ತರಕಾರಿಯಲ್ಲಿ ಕಿಣ್ವಗಳು ಇನ್ನಷ್ಟು ಚುರುಕಾಗುತ್ತವೆ. ಹಾಗೆ ಅರೆಮನಸ್ಸಿನಿಂದ ಮಾಡುವುದಾದರೆ ಮಾಡದಿರುವುದೇ ವಾಸಿ. ಒಂದೆರಡು ವಾರದಲ್ಲಿ ಬಳಸಿ ಮುಗಿಸುವ ತರಕಾರಿಯನ್ನು ಹಸಿಯಾಗಿ ಇಟ್ಟರೆ ನಷ್ಟವೇನೂ ಇಲ್ಲ. ನೀವು ಕೇಳಿದ ಎರಡು ಅಭಿಪ್ರಾಯಗಳೂ ಅಲ್ಲಿಂದಲೇ ಹುಟ್ಟಿರಬೇಕು.

ಅರ್ಧ ಕಿಲೋ ತರಕಾರಿಗೆ ನಾಲ್ಕು ಲೀಟರ್‌ನಷ್ಟು ನೀರು ಬೇಕು. ತರಕಾರಿ ಹಾಕಿದ ಮೇಲೆ ನೀರು ಒಂದು ನಿಮಿಷದೊಳಗೆ ಮತ್ತೆ ಕುದಿಯಬೇಕು. ಅದಕ್ಕಿಂತ ತಡವಾದರೆ ಪಾತ್ರೆಗೆ ತರಕಾರಿ ಹೆಚ್ಚಾಗಿದೆ ಎಂದು ತಿಳಿಯಿರಿ. ಸಮಯವನ್ನು ಮತ್ತೆ ಕುದಿ ಬಂದ ಕ್ಷಣದಿಂದ ಎಣಿಸಬೇಕು. ಬೀನ್ಸ್‌ಗೆ 3 ನಿಮಿಷ, ಬಟಾಣಿಗೆ ಒಂದೂವರೆಯಿಂದ 2 ನಿಮಿಷ, ಅವರೆಕಾಳಿಗೆ ಕಾಳಿನ ಗಾತ್ರ ನೋಡಿ 2ರಿಂದ 4 ನಿಮಿಷ, ಹೆಚ್ಚಿದ ಕ್ಯಾರೆಟ್‌ಗೆ ಮತ್ತು ಪಾಲಕ್, ಮೆಂತ್ಯದಂತಹ ಸೊಪ್ಪಿಗೆ 2 ನಿಮಿಷ, ಹೂಕೋಸಿಗೆ 3 ನಿಮಿಷ. ಬೆಂಡೆಕಾಯಿಯನ್ನು ಹೆಚ್ಚದೆ, ತೊಟ್ಟಿನ ತುದಿಯನ್ನು ಮಾತ್ರ ಒಳಗಿನ ಬೀಜದ ಗೂಡು ತೆರೆಯದಂತೆ ತೆಗೆದು, ಎಳೆಯದಾದರೆ 3 ನಿಮಿಷ, ದಪ್ಪವಾದರೆ 4 ನಿಮಿಷ ಅದ್ದಿದರೆ ಲೋಳೆ ನೀರಿಗೆ ಬಿಡುವುದಿಲ್ಲ. ನಂತರ ಹೋಳು ಮಾಡಿಕೊಳ್ಳಬಹುದು.

ಕುದಿನೀರಿನಿಂದ ತೆಗೆದೊಡನೆ ಮಂಜುಗಡ್ಡೆ ಹಾಕಿದ ನೀರಿಗೆ ಅಷ್ಟೇ ಹೊತ್ತು ಬಿಡಬೇಕು. ದಾವಣಗೆರೆಯ ಬೇಸಿಗೆಯಲ್ಲಿ ನಲ್ಲಿಯ ನೀರೇ ಬಿಸಿಯಾಗಿರುವುದರಿಂದ ಮಂಜುಗಡ್ಡೆಯನ್ನು ಹಿಂದಿನ ರಾತ್ರಿಯೇ ಸಿದ್ಧಮಾಡಿಕೊಳ್ಳುವುದು ಒಳ್ಳೆಯದು. ತಣಿದ ತರಕಾರಿಯನ್ನು ಬಟ್ಟೆಯ ಮೇಲೆ ಹರಡಿ ನೀರಾರಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಕದಂತೆ ಇಟ್ಟು ಫ್ರೀಜರ್‌ನಲ್ಲಿ ಗಟ್ಟಿಮಾಡಿ, ಆಮೇಲೆ ಚೀಲಕ್ಕೆ ತುಂಬಿದರೆ ಮುದ್ದೆಗಟ್ಟುವುದಿಲ್ಲ, ಬೇಕಾದಷ್ಟನ್ನೇ ತೆಗೆದುಕೊಳ್ಳಬಹುದು. ಚೀಲದಲ್ಲಿ ಗಾಳಿ ಉಳಿದರೆ ತರಕಾರಿಯ ಮೇಲ್ಮೈಯಿಂದ ನೀರು ಹಾರಿಹೋಗಿ ಬಿಳಿಚಿಕೊಂಡ ಒಣ ಕಲೆಗಳು ಬೀಳುತ್ತವೆ. ಬಾಯಿಯನ್ನು ಸ್ವಲ್ಪವೇ ಬಿಟ್ಟು ಚೀಲವನ್ನು ನೀರು ತುಂಬಿದ ಪಾತ್ರೆಯಲ್ಲಿ ಇಳಿಸಿದರೆ ನೀರಿನ ಒತ್ತಡಕ್ಕೆ ಗಾಳಿ ಹೊರಹೋಗುತ್ತದೆ. ಆಗ ಬಾಯಿ ಮುಚ್ಚಬೇಕು.

ಕುದಿನೀರು ಬೇಡದವುಗಳೂ ಇವೆ. ಹಸಿಮೆಣಸಿನಕಾಯಿಯನ್ನು ತೊಟ್ಟು ತೆಗೆದು, ದೊಣ್ಣೆಮೆಣಸಿನಕಾಯಿಯನ್ನೂ ಈರುಳ್ಳಿಯನ್ನೂ ಹೆಚ್ಚಿ ಹಾಗೆಯೇ ಇಡಬಹುದು. ಟೊಮೆಟೊವನ್ನು ತೊಳೆದು ಒರೆಸಿ ಇಡಿಯಾಗಿ ಇಟ್ಟರೂ ಸಾಕು. ಹೊರತೆಗೆದು ನೀರಿನಡಿ ಹಿಡಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ಸಾರಿಗೆ, ಗೊಜ್ಜಿಗೆ ಅದು ಚೆನ್ನಾಗಿಯೇ ಇರುತ್ತದೆ. ಕೋಸಂಬರಿಗೆ ಮಾತ್ರ ಆಗದು. ಒಳಗಿನ ನೀರು ಹೆಪ್ಪುಗಟ್ಟುವಾಗ ಹರಳುಗಳು ಜೀವಕೋಶದ ಗೋಡೆಯನ್ನು ಹರಿದಿರುತ್ತವೆ. ಸೌತೆಕಾಯಿ, ಮೂಲಂಗಿ, ಆಲೂಗಡ್ಡೆಗಳನ್ನು ಇದೇ ಕಾರಣಕ್ಕೆ ಹಸಿಯಾಗಿ ಫ್ರೀಜರ್‌ಗೆ ಹಾಕಬಾರದು. ಬದನೆಕಾಯಿಯನ್ನು ಕೆಂಡದ ಮೇಲೋ ಉರಿಯ ಮೇಲೋ ಸುಟ್ಟು, ಸಿಪ್ಪೆ ಸುಲಿದು, ತಿರುಳನ್ನು ಮಾತ್ರ ಇಡುವುದು ನನ್ನ ಪದ್ಧತಿ. ಹೋಳು ಮಾಡಿ ಇಟ್ಟ ಬದನೆ ಕಪ್ಪಾಗಿ ಯಾವ ಅಡುಗೆಗೂ ಒದಗುವುದಿಲ್ಲ.

ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಒಳಗೇ ಇರುವ ಚಿಕ್ಕ ಐಸ್ ಪೆಟ್ಟಿಗೆ ಸಾಮಾನ್ಯವಾಗಿ ಮೈನಸ್ 18ಕ್ಕೆ ಇಳಿಯುವುದಿಲ್ಲವಾದ್ದರಿಂದ ಅದರಲ್ಲಿ ಇಟ್ಟಿದ್ದನ್ನು ಕೆಲವು ವಾರಗಳಲ್ಲೇ ಬಳಸಬೇಕು. ಪ್ರತ್ಯೇಕ ಬಾಗಿಲಿನ ಫ್ರೀಜರ್ ಇದ್ದು ಮೈನಸ್ 18 ಸ್ಥಿರವಾಗಿದ್ದರೆ ಕುದಿನೀರಿನಲ್ಲಿ ಅದ್ದಿದ ತರಕಾರಿ ಎಂಟರಿಂದ ಹನ್ನೆರಡು ತಿಂಗಳು ರುಚಿಗೆಡದೆ ಇರುತ್ತದೆ. ಐವತ್ತು ಲೀಟರ್ ಜಾಗಕ್ಕೆ ಒಂದು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಹೊಸ ತರಕಾರಿ ಇಡಬೇಡಿ. ಹೆಚ್ಚಾದರೆ ಎಲ್ಲವೂ ನಿಧಾನವಾಗಿ ಹೆಪ್ಪುಗಟ್ಟಿ, ಹರಳುಗಳು ದೊಡ್ಡದಾಗಿ, ಬೇಯಿಸಿದಾಗ ಮೆತ್ತಗಾಗುತ್ತದೆ.


ಉತ್ತರ — ವೇದಾವತಿ ದಂಡೆ, ಹಿರಿಯೂರು

ಮೇಲಿನ ಸಹೋದರಿಯವರು ಬರೆದದ್ದೆಲ್ಲವೂ ಸರಿಯಾಗಿದೆ. ಆದರೂ ನಿಮ್ಮ ಅತ್ತೆಯವರ ಪಕ್ಷವಾಗಿ ಒಂದಿಷ್ಟು ಹೇಳುವುದು ನನಗೆ ಅಗತ್ಯವೆನಿಸುತ್ತದೆ, ಏಕೆಂದರೆ ಈ ಪ್ರಶ್ನೆಗೆ ಮಂಗಳೂರಿನಲ್ಲಿ ಕೊಡುವ ಉತ್ತರವನ್ನೇ ದಾವಣಗೆರೆಯಲ್ಲಿ ಕೊಡಬೇಕಾಗಿಲ್ಲ.

ತೆರೆದ ಬಿಸಿಲಿನಲ್ಲಿ ಒಣಗಿಸಲು ಕನಿಷ್ಠ 30 ಡಿಗ್ರಿ ಉಷ್ಣಾಂಶ, ಗಾಳಿಯಲ್ಲಿ ಶೇಕಡಾ 60ಕ್ಕಿಂತ ಕಡಿಮೆ ತೇವ ಮತ್ತು ಬೀಸುವ ಗಾಳಿ ಬೇಕು. ಫೆಬ್ರವರಿಯ ನಡುವಿನಿಂದ ಮೇ ತಿಂಗಳ ಮೊದಲ ಮಳೆಯವರೆಗೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಈ ಮೂರೂ ಬಿಟ್ಟಿಯಾಗಿ ಸಿಗುತ್ತವೆ. ಚಳ್ಳಕೆರೆ, ಹಿರಿಯೂರುಗಳು ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ಕಂಡವರಿಗೆ ಇಲ್ಲಿನ ಗಾಳಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಒಣಗಿಸುವ ಕೆಲಸದಲ್ಲಿ ಬಿಸಿಲಿಗಿಂತ ಗಾಳಿಯ ಪಾಲು ದೊಡ್ಡದು. ಮೊದಲ ದಿನ ತರಕಾರಿಯಿಂದ ಹೊರಬರುವ ತೇವವನ್ನು ಅದು ಎತ್ತಿಕೊಂಡು ಹೋಗದಿದ್ದರೆ ಎಂತಹ ಬಿಸಿಲಿದ್ದರೂ ಹೋಳುಗಳು ಬೆವರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಜೋರಾಗಿದ್ದರೂ ಮೋಡವೂ ತೇವವೂ ಇರುವುದರಿಂದ ಆಗ ಮಾಳಿಗೆಯನ್ನು ನಂಬಬೇಡಿ.

ಆದರೆ ಇಲ್ಲಿ ಒಂದು ಎಚ್ಚರವಿದೆ. ಹಣ್ಣುಗಳಲ್ಲಿರುವಷ್ಟು ಹುಳಿಯಾಗಲಿ ಸಕ್ಕರೆಯಾಗಲಿ ತರಕಾರಿಗಳಲ್ಲಿ ಇರುವುದಿಲ್ಲ. ಆದ್ದರಿಂದ ಬರಿದಾಗಿ ಬಿಸಿಲಿಗೆ ಹರಡಿದರೆ ಪೂರ್ತಿ ಒಣಗುವ ಮೊದಲೇ ಬ್ಯಾಕ್ಟೀರಿಯಾ, ಬೂಸ್ಟು ಹಿಡಿಯುವ ಸಾಧ್ಯತೆ ಹೆಚ್ಚು. ಬಾಳಕ ಹಾಕುವವರು ಜವಳಿಕಾಯಿಯನ್ನೋ ಮೆಣಸಿನಕಾಯಿಯನ್ನೋ ಹಾಗಲಕಾಯಿಯನ್ನೋ ಬರಿದಾಗಿ ಹರಡುವುದಿಲ್ಲ, ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ ಹರಡುತ್ತಾರೆ. ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ, ಮಜ್ಜಿಗೆಯ ಹುಳಿ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಅತಿ ಅಪಾಯದ ಮೊದಲ ಎರಡು ದಿನಗಳನ್ನು ಹೀಗೆ ದಾಟಿಸಲಾಗುತ್ತದೆ. ಸೀಳಿದ ಮೆಣಸಿನಕಾಯಿಯನ್ನು ಹಗಲು ಒಣಗಿಸಿ, ಸಂಜೆ ಉಳಿದ ಮಜ್ಜಿಗೆಗೇ ಹಾಕಿ, ಮರುದಿನ ಮತ್ತೆ ಬಿಸಿಲಿಗಿಟ್ಟು, ಮಜ್ಜಿಗೆ ಹೀರಿ ಮುಗಿಯುವವರೆಗೆ ಹಾಗೆಯೇ ಮಾಡುವ ಕ್ರಮವನ್ನು ಅತ್ತೆಯವರು ನಿಮಗಿಂತ ಚೆನ್ನಾಗಿ ಬಲ್ಲರು. ಆ ಕ್ರಮದಲ್ಲಿ ತಿದ್ದುವಂಥದ್ದೇನೂ ಇಲ್ಲ. ತೆಳುವಾದ ಹತ್ತಿ ಬಟ್ಟೆಯನ್ನೋ ಸೊಳ್ಳೆಪರದೆಯನ್ನೋ ಮೇಲೆ ಕಟ್ಟಿದರೆ ನಮ್ಮ ಕಡೆಯ ದೂಳು, ನೊಣಗಳಿಂದ ರಕ್ಷಣೆ ಸಿಗುತ್ತದೆ. ಮೊರವನ್ನು ನೆಲದ ಮೇಲಿಡದೆ ನಾಲ್ಕು ಇಟ್ಟಿಗೆಗಳ ಮೇಲಿಟ್ಟರೆ ಕೆಳಗಿನಿಂದಲೂ ಗಾಳಿ ಆಡುತ್ತದೆ. ಸಂಜೆ ಮಾತ್ರ ತಪ್ಪದೆ ಒಳಗೆ ತರಬೇಕು, ರಾತ್ರಿಯ ತಂಪಿಗೆ ಹೋಳುಗಳು ತೇವವನ್ನು ಮರಳಿ ಹೀರಿಕೊಳ್ಳುತ್ತವೆ.

ಉಪ್ಪು, ಮಜ್ಜಿಗೆ ಬೇಡವೆನಿಸುವ ತರಕಾರಿಗಳಿಗೆ ಡಿಹೈಡ್ರೇಟರ್ ಅಥವಾ ಸೌರ ಒಣಗಿಸುವ ಪೆಟ್ಟಿಗೆ ಬೇಕಾಗುತ್ತದೆ. ತರಕಾರಿಗೆ 52ರಿಂದ 60 ಡಿಗ್ರಿ ಸೂಕ್ತ. ಬೇಗ ಮುಗಿಯಲೆಂದು ಆರಂಭದಲ್ಲೇ ಶಾಖ ಏರಿಸಿದರೆ ಹೋಳಿನ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಸೆರೆಯಾಗುತ್ತದೆ. ಹೊರಗಿನಿಂದ ಗರಿಗರಿಯಾಗಿ ಕಂಡ ಹೋಳು ಡಬ್ಬಿಯಲ್ಲಿ ಬೂಸ್ಟು ಹಿಡಿಯುವುದು ಹೀಗೆ. ಟೊಮೆಟೊವನ್ನು ಅರ್ಧ ಸೆಂಟಿಮೀಟರ್‌ಗಿಂತ ತುಸು ದಪ್ಪಕ್ಕೆ, ಈರುಳ್ಳಿಯನ್ನು ಅದಕ್ಕಿಂತ ತೆಳುವಾಗಿ, ಎಲ್ಲವೂ ಒಂದೇ ದಪ್ಪವಿರುವಂತೆ ಹೆಚ್ಚಬೇಕು. ಬೀನ್ಸ್, ಕ್ಯಾರೆಟ್‌ಗಳನ್ನು ಒಣಗಿಸುವ ಮೊದಲೂ ಹಬೆಯಲ್ಲೋ ಕುದಿನೀರಿನಲ್ಲೋ ಹದಮಾಡಿಕೊಳ್ಳುವುದು ಒಳ್ಳೆಯದು. ಹಾಗೆ ಮಾಡಿದ ಹೋಳುಗಳು ಬೇಗ ಒಣಗುತ್ತವೆ, ಮುಂದೆ ನೆನೆಸಿದಾಗಲೂ ಬೇಗ ಮೃದುವಾಗುತ್ತವೆ. ಈರುಳ್ಳಿ, ಟೊಮೆಟೊ, ಮೆಣಸಿನಕಾಯಿಗಳಿಗೆ ಅದು ಬೇಕಿಲ್ಲ. ಈರುಳ್ಳಿ ಒಣಗಿಸುವ ದಿನ ಯಂತ್ರವನ್ನು ವರಾಂಡಕ್ಕೆ ಒಯ್ಯಿರಿ, ಇಲ್ಲವಾದರೆ ಹಾಸಿಗೆ, ಹೊದಿಕೆಗಳೆಲ್ಲ ಒಗ್ಗರಣೆಯ ವಾಸನೆ ಹೊಡೆಯುತ್ತವೆ.

ಎಷ್ಟು ಉಳಿಯುತ್ತದೆಂಬ ಅಂದಾಜೂ ಇರಲಿ. ಟೊಮೆಟೊದಲ್ಲಿ ಶೇಕಡಾ 94ರಷ್ಟು ನೀರೇ ಇರುವುದರಿಂದ ಹತ್ತು ಕಿಲೋ ಟೊಮೆಟೊ ಒಣಗಿದ ಮೇಲೆ ಆರೇಳು ನೂರು ಗ್ರಾಂ ಆಗುತ್ತದೆ. ಹತ್ತು ಕಿಲೋ ಈರುಳ್ಳಿಗೆ ಒಂದೂಕಾಲರಿಂದ ಒಂದೂವರೆ ಕಿಲೋ ಸಿಗುತ್ತದೆ. ಜಾಗದ ದೃಷ್ಟಿಯಿಂದ ನೋಡಿದರೆ ಫ್ರೀಜರ್ ಇದರ ಹತ್ತಿರಕ್ಕೂ ಬರಲಾರದು.

ಮೆಂತ್ಯ, ನುಗ್ಗೆಸೊಪ್ಪು, ಕರಿಬೇವುಗಳನ್ನು ಬಿಸಿಲಿಗೆ ಹಾಕಲೇಬಾರದು. ನೇರ ಬಿಸಿಲು ಅವುಗಳ ಹಸಿರನ್ನೂ, ಮುಖ್ಯವಾಗಿ ಎ ಜೀವಸತ್ವದ ಮೂಲವಾದ ಬೀಟಾ ಕ್ಯಾರೊಟಿನ್ ಅನ್ನೂ ಹಾಳುಮಾಡುತ್ತದೆ. ನುಗ್ಗೆಸೊಪ್ಪನ್ನು ತಿನ್ನುವುದೇ ಅದಕ್ಕಾಗಿ. ಕಿಟಕಿಗಳು ತೆರೆದಿರುವ ಕೋಣೆಯ ನೆರಳಿನಲ್ಲಿ ಬಟ್ಟೆಯ ಮೇಲೆ ತೆಳುವಾಗಿ ಹರಡಿದರೆ ನಮ್ಮ ಮಾರ್ಚ್ ತಿಂಗಳ ಒಣಗಾಳಿಗೆ ಸೊಪ್ಪು ಎರಡು ಮೂರು ದಿನಗಳಲ್ಲಿ ಪುಡಿಯಾಗುವಷ್ಟು ಒಣಗುತ್ತದೆ.

ತರಕಾರಿ ಸರಿಯಾಗಿ ಒಣಗಿದೆಯೇ ಎಂದು ಬಿಸಿಯಾಗಿರುವಾಗ ಪರೀಕ್ಷಿಸಬಾರದು. ತಣಿದ ಮೇಲೆ ಬಗ್ಗಿಸಿ ನೋಡಿದಾಗ ಬೀನ್ಸ್, ಈರುಳ್ಳಿ, ಸೊಪ್ಪುಗಳು ಪಟಕ್ಕನೆ ಮುರಿಯಬೇಕು. ಒಣಗಿದ್ದನ್ನು ಮೊದಲು ಗಾಜಿನ ಜಾಡಿಗೆ ಮುಕ್ಕಾಲು ಭಾಗ ತುಂಬಿ, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸಿ ನೋಡಿ. ಒಂದು ಹೋಳು ಇನ್ನೊಂದಕ್ಕೆ ಅಂಟಿದರೂ, ಗಾಜಿನ ಒಳಗೆ ಹನಿ ಕಂಡರೂ ತೆಗೆದು ಮತ್ತೆ ಒಣಗಿಸಬೇಕು. ಬೂಸ್ಟು ಕಂಡರೆ ಆ ಜಾಡಿಯಲ್ಲಿರುವುದನ್ನೆಲ್ಲ ಚೆಲ್ಲಬೇಕು. ಕೆಟ್ಟ ಭಾಗವನ್ನು ಆರಿಸಿ ಉಳಿದದ್ದನ್ನು ಬಳಸುವುದು ಸಲ್ಲದು.

ಮಳೆಗಾಲ ಕಳೆಯುವವರೆಗೆ ನಂಬಬಹುದೇ ಎಂದು ಕೇಳಿದ್ದೀರಿ. ಗಾಳಿಯಾಡದ ಡಬ್ಬಿಯಲ್ಲಿದ್ದರೆ ನಂಬಬಹುದು. ಆದರೆ ಡಬ್ಬಿಯನ್ನು ಅಟ್ಟದ ಮೇಲೆ ಇಡಬೇಡಿ. ತಂಪಾದ ಜಾಗದಲ್ಲಿ ಆರು ತಿಂಗಳು ಬಣ್ಣ, ಪರಿಮಳ ಉಳಿಸಿಕೊಳ್ಳುವ ಒಣ ತರಕಾರಿ ಬೆಚ್ಚಗಿನ ಕೋಣೆಯಲ್ಲಿ ಅದರ ಅರ್ಧದಷ್ಟು ಕಾಲವೂ ಉಳಿಸಿಕೊಳ್ಳುವುದಿಲ್ಲ, ಬೇಸಿಗೆಯಲ್ಲಿ ನಮ್ಮ ಆರ್‌ಸಿಸಿ ಮನೆಗಳ ಅಟ್ಟವಂತೂ ಒಲೆಯ ಹಾಗೆ ಕಾಯುತ್ತದೆ. ನೆಲಕ್ಕೆ ಹತ್ತಿರದ ಕತ್ತಲೆಯ ಕಪಾಟು ಲೇಸು. ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ತುಂಬಿಟ್ಟರೆ ಪ್ರತಿ ಸಲ ಇಡೀ ದಾಸ್ತಾನಿಗೆ ಮಳೆಗಾಲದ ಗಾಳಿ ಸೋಕುವುದಿಲ್ಲ.

ಕಲಿಯುವ ಆಸಕ್ತಿಯಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನಮ್ಮ ಕಡೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಇಂತಹದೇ ಕೇಂದ್ರವಿದೆ. ಒಣ ಹೂಕೋಸು ಕಪ್ಪಾಗದಿರಲು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಅದ್ದುವ ಪದ್ಧತಿಯೂ ಇದೆ. ಆದರೆ ಮನೆಯಲ್ಲಿ ಉಬ್ಬಸದವರಿದ್ದರೆ ಗಂಧಕದ ಅಂಶವಿರುವ ಆ ಪುಡಿಯ ಗೋಜಿಗೆ ಹೋಗಬಾರದು.


ಉತ್ತರ — ಮೋಟಾರ್ ರಿಪೇರಿ, ಜಗಳೂರು

ಇಬ್ಬರೂ ತರಕಾರಿಯ ದೃಷ್ಟಿಯಿಂದ ಬರೆದಿದ್ದಾರೆ. ವಿದ್ಯುತ್ತಿನ ದೃಷ್ಟಿಯಿಂದಲೂ ಒಂದೆರಡು ಮಾತು ಬರೆಯುತ್ತೇನೆ, ಏಕೆಂದರೆ ಫ್ರೀಜರ್ ಕೊಳ್ಳುವ ನಿರ್ಧಾರ ಕೊನೆಗೆ ನಿಲ್ಲುವುದು ಅದರ ಮೇಲೆಯೇ.

ಡಿಹೈಡ್ರೇಟರ್‌ಗೆ ನೀವು ಬಳಸಿದ ದಿನ ಮಾತ್ರ ವಿದ್ಯುತ್ ಬೇಕು. 500 ವ್ಯಾಟ್‌ನ ಯಂತ್ರವನ್ನು ಹತ್ತು ಗಂಟೆ ಬಿಡದೆ ನಡೆಸಿದರೆ ಐದು ಯೂನಿಟ್. ಶಾಖ ಬೇಕಾದ ಮಟ್ಟ ತಲುಪಿದಾಗ ಥರ್ಮೋಸ್ಟಾಟ್ ಬಿಟ್ಟು ಬಿಟ್ಟು ಕೆಲಸ ಮಾಡುವುದರಿಂದ ನಿಜದಲ್ಲಿ ಇನ್ನೂ ಕಡಿಮೆಯಾದೀತು. ಕರೆಂಟ್ ಹೋದರೂ ಒಂದೆರಡು ಗಂಟೆಯಲ್ಲಿ ಬಂದರೆ ಕೆಲಸ ಮುಂದುವರಿಯುತ್ತದೆ, ಇಡಿಯಾಗಿ ಹಾಳಾಗುವುದಿಲ್ಲ. ಡೀಪ್ ಫ್ರೀಜರ್ ಹಾಗಲ್ಲ. ಒಳಗೆ ತುಂಬಿರಲಿ, ಖಾಲಿಯಿರಲಿ, ವರ್ಷದ ಮುನ್ನೂರ ಅರವತ್ತೈದು ದಿನವೂ ಅದು ಓಡುತ್ತಿರಬೇಕು. ವರ್ಷದಲ್ಲಿ ಎರಡು ಸಲ ತರಕಾರಿ ಹೆಚ್ಚಾಗುವ ಮನೆಗೆ ಅದು ದುಬಾರಿಯೆಂದು ನನ್ನ ಅಭಿಪ್ರಾಯ. ಮಾಂಸ, ಹಾಲಿನ ಪದಾರ್ಥಗಳನ್ನೂ ಇಡುವವರ ಲೆಕ್ಕ ಬೇರೆಯಾಗಬಹುದು.

ಹಳ್ಳಿಯ ಲೈನಿನಲ್ಲಿ ಇರುವವರು ಫ್ರೀಜರ್ ಕೊಂಡರೆ ಸ್ಟೆಬಿಲೈಸರ್ ಇಲ್ಲದೆ ಹಾಕಬಾರದು. ಸಂಜೆ ವೋಲ್ಟೇಜ್ ಕುಸಿದಾಗ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಡುತ್ತ ಕಾಯುತ್ತದೆ, ಅದರ ಆಯುಷ್ಯ ಮುಗಿಯುವುದು ಹಾಗೆಯೇ. ಗೋಡೆಯಿಂದ ಒಂದು ಗೇಣಿನಷ್ಟು ಜಾಗ ಬಿಟ್ಟು ಇಡಿ, ತಗಡಿನ ಶೀಟಿನ ಕೆಳಗೆ ಇಡಬೇಡಿ.

ಕರೆಂಟ್ ಹೋದಾಗ ಬಾಗಿಲು ತೆರೆಯದಿರುವುದೇ ಎಲ್ಲಕ್ಕಿಂತ ದೊಡ್ಡ ಉಪಾಯ. ಪೂರ್ತಿ ತುಂಬಿದ ಡೀಪ್ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಣ್ಣಗಿರುತ್ತದೆ. ಆದ್ದರಿಂದ ಖಾಲಿ ಜಾಗದಲ್ಲಿ ಮುಕ್ಕಾಲು ನೀರು ತುಂಬಿದ ಬಾಟಲಿಗಳನ್ನು ಇಡಿ. ಊರಿಗೆ ಹೋಗುವಾಗ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯವಿಟ್ಟು ಹೋಗಿ. ಮರಳಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಅದನ್ನು ತಿನ್ನಬಾರದು. ಕರಗುತ್ತಿರುವಾಗಲೇ ನೋಡಿದರೆ, ತರಕಾರಿಯಲ್ಲಿ ಇನ್ನೂ ಮಂಜಿನ ಹರಳುಗಳು ಉಳಿದಿದ್ದ ಪಕ್ಷದಲ್ಲಿ ಮತ್ತೆ ಹೆಪ್ಪುಗಟ್ಟಿಸಬಹುದು. ರುಚಿ ತಗ್ಗುತ್ತದೆ, ಅಪಾಯವಿಲ್ಲ.

ಯಂತ್ರವನ್ನೇ ಕೊಳ್ಳದೆ ನೋಡಬೇಕೆಂದರೆ ಸೌರ ಪೆಟ್ಟಿಗೆ ಮಾಡಿಸಿ. ಒಳಗೆ ಕಪ್ಪು ಬಣ್ಣ ಬಳಿದ ಹಲಗೆಯ ಪೆಟ್ಟಿಗೆ, ಮೇಲೆ ಓರೆಯಾಗಿ ಕೂರಿಸಿದ ಗಾಜು, ಕೆಳಗೆ ಗಾಳಿ ಒಳಬರಲು ಜಾಲರಿ ಹಾಕಿದ ರಂಧ್ರಗಳು, ಹಿಂಬದಿಯ ಮೇಲ್ತುದಿಯಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ, ನಡುವೆ ಸ್ಟೀಲ್ ಜಾಲರಿಯ ತಟ್ಟೆಗಳು: ಇಷ್ಟೇ ಅದರ ರಚನೆ. ಗಾಜಿನ ಮುಖ ದಕ್ಷಿಣಕ್ಕಿರಬೇಕು. ಹೊರಗಿನ ಶಾಖಕ್ಕಿಂತ ಒಳಗೆ ಇಪ್ಪತ್ತು ಡಿಗ್ರಿಯಷ್ಟು ಹೆಚ್ಚು ಸಿಗುವುದರಿಂದ ನಮ್ಮ ಏಪ್ರಿಲ್‌ನಲ್ಲಿ 55 ಡಿಗ್ರಿ ಮುಟ್ಟುವುದು ಕಷ್ಟವಲ್ಲ. ಒಳಗೊಂದು ಥರ್ಮಾಮೀಟರ್ ತೂಗುಹಾಕಿ, ಶಾಖ ಮೀರಿದಾಗ ಮೇಲಿನ ಕಿಂಡಿಯನ್ನು ಇನ್ನಷ್ಟು ತೆರೆಯಿರಿ. ಗ್ಯಾಲ್ವನೈಸ್ ಮಾಡಿದ ಜಾಲರಿ ಮಾತ್ರ ಬೇಡ, ಟೊಮೆಟೊದ ಹುಳಿಗೆ ಸತು ಬಿಡುತ್ತದೆ.


ಪ್ರಶ್ನೆ ಕೇಳಿದವರು — ಹಿತ್ತಲತೋಟ, ದಾವಣಗೆರೆ

ಮೂವರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಹಿರಿಯೂರಿನವರ ಉತ್ತರವನ್ನು ಓದಿ ಹೇಳಿದೆವು. "ಇಷ್ಟು ಹೇಳುವುದಕ್ಕೆ ಇಷ್ಟುದ್ದ ಬರೆಯಬೇಕಿತ್ತೇ?" ಎಂದರು, ಆದರೂ ಸಂತೋಷವಾದದ್ದು ಮುಖದಲ್ಲಿ ಕಾಣುತ್ತಿತ್ತು. ಇನ್ನು ಕೆಲವು ಸಂದೇಹಗಳು ಉಳಿದಿವೆ. ಒಣಗಿಸಿದ ಟೊಮೆಟೊವನ್ನು ಬೆಳ್ಳುಳ್ಳಿಯ ಜೊತೆ ಎಣ್ಣೆಯಲ್ಲಿ ಮುಳುಗಿಸಿ ಇಡುವ ಪದ್ಧತಿಯನ್ನು ಸೊಸೆ ಎಲ್ಲಿಯೋ ನೋಡಿದ್ದಾಳೆ. ಅದನ್ನು ಮನೆಯಲ್ಲಿ ಮಾಡಬಹುದೇ? ಟೊಮೆಟೊ ಪುಡಿ ಮಾಡಿಟ್ಟರೆ ಗಟ್ಟಿಯಾಗುತ್ತದೆಂದು ಕೇಳಿದ್ದೇವೆ. ಮಾಳಿಗೆಯಲ್ಲಿ ಒಣಗಿಸಿದ್ದಕ್ಕೆ ಮುಂದೆ ಹುಳು ಬೀಳದಂತೆ ಏನು ಮಾಡಬೇಕು? ಒಣ ತರಕಾರಿಯನ್ನು ಅಡುಗೆಗೆ ಬಳಸುವ ಕ್ರಮವನ್ನೂ ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ — ವೇದಾವತಿ ದಂಡೆ, ಹಿರಿಯೂರು

ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಖಂಡಿತ ಬೇಡ. ಮಣ್ಣಿನಲ್ಲಿ ಸಹಜವಾಗಿರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೆಳ್ಳುಳ್ಳಿಯಂತಹ ಗಡ್ಡೆಗಳ ಮೇಲೂ ಇರುತ್ತವೆ. ಗಾಳಿಯಿಲ್ಲದ, ಹುಳಿ ಕಡಿಮೆಯಿರುವ, ತುಸು ತೇವವಿರುವ ಕಡೆ ಅವು ಬೆಳೆದು ವಿಷ ಉತ್ಪಾದಿಸುತ್ತವೆ. ಎಣ್ಣೆ ಗಾಳಿಯನ್ನು ಮುಚ್ಚಿ ಅವಕ್ಕೆ ಬೇಕಾದ ಸ್ಥಿತಿಯನ್ನೇ ಒದಗಿಸುತ್ತದೆ. ಆ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನಮ್ಮ ಉಪ್ಪಿನಕಾಯಿಯಲ್ಲಿ ಎಣ್ಣೆ ಇದ್ದರೂ ಅದನ್ನು ಕಾಯುವುದು ಅದರೊಳಗಿನ ಉಪ್ಪು ಮತ್ತು ಹುಳಿ, ಎಣ್ಣೆಯಲ್ಲ. ಬೇಕೇ ಬೇಕೆಂದರೆ ಒಂದು ಹೊತ್ತಿಗೆ ಬೇಕಾದಷ್ಟು ಒಣ ಟೊಮೆಟೊವನ್ನು ಎಣ್ಣೆಗೆ ಹಾಕಿ, ಫ್ರಿಜ್‌ನಲ್ಲಿಟ್ಟು, ಎರಡು ಮೂರು ದಿನಗಳೊಳಗೆ ಮುಗಿಸಿ.

ಪುಡಿ ಗಟ್ಟಿಯಾಗುವುದು ನಿಜ. ಟೊಮೆಟೊದ ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೋಳಾಗಿಯೇ ಇಟ್ಟುಕೊಂಡು, ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಮಿಕ್ಸಿಯಲ್ಲಿ ಪುಡಿಮಾಡಿ. ಪುಡಿ ಮಾಡಬೇಕಾದ ಹೋಳುಗಳು ಚರ್ಮದಂತೆ ಬಾಗುತ್ತಿದ್ದರೆ ಸಾಲದು, ಮುರಿಯಬೇಕು.

ಹುಳುವಿನ ವಿಷಯದಲ್ಲಿ ನಿಮ್ಮ ಮಗನ ಫ್ರೀಜರ್ ನಮ್ಮ ಬಿಸಿಲಿಗೆ ನೆರವಾಗುತ್ತದೆ. ತೆರೆದ ಬಿಸಿಲಿನಲ್ಲಿ ಒಣಗಿಸಿದ ಯಾವುದೇ ಪದಾರ್ಥದ ಮೇಲೆ ಕೀಟಗಳು ಮೊಟ್ಟೆಯಿಟ್ಟಿರುವ ಸಂಭವವಿದೆ. ಪೂರ್ತಿ ಒಣಗಿದ್ದನ್ನು ಬಿಗಿಯಾದ ಚೀಲದಲ್ಲಿ ಹಾಕಿ ಮೈನಸ್ 18 ಡಿಗ್ರಿಯಲ್ಲಿ 48 ಗಂಟೆ ಇಟ್ಟರೆ ಅವು ಸಾಯುತ್ತವೆ. ಹೊರತೆಗೆದ ಮೇಲೆ ಚೀಲವನ್ನು ತಕ್ಷಣ ತೆರೆಯದೆ ಕೋಣೆಯ ಶಾಖಕ್ಕೆ ಬರುವವರೆಗೆ ಬಿಡಬೇಕು. ಇಲ್ಲವಾದರೆ ತಣ್ಣನೆಯ ಹೋಳುಗಳ ಮೇಲೆ ಗಾಳಿಯ ತೇವ ಹನಿಗಟ್ಟಿ, ಒಣಗಿಸಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ.


ಉತ್ತರ — ಕೋಟೆ ಬೀದಿ, ಚಿತ್ರದುರ್ಗ

ಅಡುಗೆಯ ಕ್ರಮವನ್ನು ನಾನು ಹೇಳುತ್ತೇನೆ. ಫ್ರೀಜರ್‌ನ ತರಕಾರಿಯನ್ನು ಕರಗಲು ಬಿಡದೆ ನೇರವಾಗಿ ಕುದಿಯುವ ಸಾರಿಗೋ ಬಿಸಿ ಒಗ್ಗರಣೆಗೋ ಹಾಕಬೇಕು. ಒಮ್ಮೆ ಕುದಿನೀರು ಕಂಡಿರುವುದರಿಂದ ಹಸಿ ತರಕಾರಿಗಿಂತ ಬೇಗ ಬೇಯುತ್ತದೆ. ಉಪ್ಪಿಟ್ಟಿಗೆ ಬೀನ್ಸ್, ಮುದ್ದೆಯ ಜೊತೆಗಿನ ಸಾರಿಗೆ ಅವರೆಕಾಳು ಇವೆರಡಕ್ಕೆ ನಾನು ಫ್ರೀಜರ್ ಬಿಟ್ಟು ಬೇರೆ ದಾರಿ ಹಿಡಿಯುವುದಿಲ್ಲ. ಒಣಗಿಸಿದ ಅವರೆಗೆ ಸೊಗಡು ಎಲ್ಲಿಂದ ಬರಬೇಕು? ಹೆಚ್ಚಿನ ಜಾಗ ಇಲ್ಲದಿದ್ದರೆ ಇರುವ ಫ್ರೀಜರ್ ಅನ್ನು ಡಿಸೆಂಬರ್, ಜನವರಿಯಲ್ಲಿ ಅವರೆಕಾಳು, ಹಿದುಕಿದ ಬೇಳೆ, ಹಸಿ ತೊಗರಿಕಾಳುಗಳಿಗೆ ಮೀಸಲಿಡಿ. ಟೊಮೆಟೊ, ಮೆಣಸಿನಕಾಯಿ, ಜವಳಿಕಾಯಿ, ಸೊಪ್ಪುಗಳನ್ನು ಹಿರಿಯೂರಿನವರಿಗೆ ಬಿಟ್ಟುಕೊಡಲು ನನ್ನ ಅಭ್ಯಂತರವಿಲ್ಲ.

ಒಣ ತರಕಾರಿಯನ್ನು ಮುಳುಗುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ನೆನೆಸಬೇಕು. ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ಪಾತ್ರೆಯನ್ನು ಫ್ರಿಜ್‌ನೊಳಗೆ ಇಡಿ. ನೆನೆದ ತರಕಾರಿಯೂ ಹಸಿಯದರಂತೆಯೇ ಕೆಡುತ್ತದೆ. ಸೊಪ್ಪಿಗೆ ನೆನೆಸುವ ಅಗತ್ಯವಿಲ್ಲ, ಕೈಯಲ್ಲಿ ಉಜ್ಜಿ ನೇರವಾಗಿ ಬೇಳೆಗೆ ಹಾಕಬಹುದು. ಉಪ್ಪನ್ನು ತರಕಾರಿ ಮೃದುವಾದ ಮೇಲೆ ಹಾಕಿ, ಮೊದಲೇ ಹಾಕಿದರೆ ಅದು ನೀರು ಹೀರುವುದು ನಿಧಾನವಾಗುತ್ತದೆ. ನೆನೆಸಿದ ನೀರನ್ನು ಚೆಲ್ಲದೆ ಸಾರಿಗೇ ಸೇರಿಸಿ. ಬಾಳಕದ ಜವಳಿಕಾಯಿಯಾದರೆ ಮಾತ್ರ ಅದರ ನೀರಿನಲ್ಲಿ ಉಪ್ಪು ಇಳಿದಿರುತ್ತದೆ, ರುಚಿ ನೋಡಿಕೊಂಡು ಹಾಕಬೇಕು.